ಹಳಿಯಾಚೆಯ ಶಾಲೆ

ನಮ್ಮ ಬಡಾವಣೆ ಹಾಳಾದದ್ದು ಹೇಗೆ ಎಂದು ಕೇಳಿದರೆ ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಸ್ಸು ನಿಂತಿತಲ್ಲ, ಅದಕ್ಕೇ ಎನ್ನುತ್ತಾನೆ ಮೂಲೆಮನೆಯ ಲೈನ್‌ಮನ್. ಬಾಡಿಗೆಯವರು ಬಂದು ಕೆಡಿಸಿದರು ಎನ್ನುತ್ತಾಳೆ ಎದುರುಮನೆಯ ಮುದುಕಿ. ಅವಳೂ ಬಾಡಿಗೆಗೇ ಇರುವವಳು. ಚರಂಡಿ ಎನ್ನುವವರಿದ್ದಾರೆ, ಬೀದಿದೀಪ ಎನ್ನುವವರಿದ್ದಾರೆ, ಎಲ್ಲಾ ಹಣೆಬರಹ ಎಂದು ಕೈಕೊಡವಿ ಒಳಗೆ ಹೋಗುವವರೂ ಇದ್ದಾರೆ. ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತು.

ರೈಲು ಹಳಿಯ ಎರಡೂ ಬದಿಗೆ ಒಂದೇ ವರ್ಷ ಎದ್ದ ಬಡಾವಣೆಗಳು ಇವು. ಕಟ್ಟಿದ ಗುತ್ತಿಗೆದಾರ ಒಬ್ಬನೇ, ನಕ್ಷೆಯೂ ಒಂದೇ. ಮುಂದೊಂದು ಹಜಾರ, ಎರಡು ಕೋಣೆ, ಹಿತ್ತಲಿಗೆ ಕಿಟಕಿ ಇರುವ ಅಡುಗೆಮನೆ, ಮೊಣಕಾಲೆತ್ತರದ ಕಾಂಪೌಂಡು. ಆಚೆಯ ಮನೆಯೊಂದರೊಳಗೆ ಕಣ್ಣುಕಟ್ಟಿ ಬಿಟ್ಟರೂ ನಾನು ನೇರ ಹೋಗಿ ದೀಪದ ಸ್ವಿಚ್ಚು ಹಾಕಿಯೇನು. ಕಾಗದದ ಮೇಲೆ ಅವಕ್ಕೆ ಉದ್ದುದ್ದ ಹೆಸರುಗಳಿದ್ದವು. ಜನರ ಬಾಯಲ್ಲಿ ಅದು ಆಚೆ, ಇದು ಈಚೆ. ಮೊದಮೊದಲು ಈಚೆಯೇ ಮೇಲಾಗಿತ್ತು. ಸ್ಟೇಷನ್ನಿನ ಟಿಕೆಟ್ ಕಿಟಕಿ ನಮ್ಮ ಕಡೆಗಿತ್ತು, ಬೇಕರಿ ನಮ್ಮಲ್ಲಿತ್ತು, ಶಾಲೆ ನಮ್ಮಲ್ಲಿತ್ತು. ಆಚೆಯವರೇ ಮಕ್ಕಳ ಕೈಹಿಡಿದು ಮೇಲುಸೇತುವೆ ಹತ್ತಿ ಇಳಿದು ನಮ್ಮಲ್ಲಿಗೆ ಬರುತ್ತಿದ್ದರು. ಆಮೇಲೆ ಅವರಿಗೂ ಒಂದು ಶಾಲೆಯಾಯಿತು. ಅದಕ್ಕೆ ಮೂರು ಮಹಡಿ, ಹಸಿರು ಸಮವಸ್ತ್ರ, ಟೈ.

ನಾನು ಈಚೆಯ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಮ್ಮ ಯಜಮಾನರು ಮನೆಗಳಿಗೆ ಬಣ್ಣ ಹೊಡೆಯುವವರು. ಎರಡೂ ಬಡಾವಣೆಗಳಲ್ಲಿ ಅವರ ಕೈ ತಾಗದ ಗೋಡೆ ಕಡಿಮೆ. ಯಾವ ಬೀದಿ ಯಾವಾಗ ಬೀಳುತ್ತದೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು.

"ಬಣ್ಣ ಹಳೇದಾದ್ರೆ ಏನೂ ಆಗಲ್ಲ ಕಣೇ," ಎನ್ನುತ್ತಿದ್ದರು, ಸಂಜೆ ಸೀಮೆಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳುತ್ತಾ. "ಮನೆಯವನು ತನ್ನ ಗೋಡೆ ನೋಡೋದು ಬಿಡ್ತಾನಲ್ಲ, ಆವತ್ತಿಗೆ ಮುಗೀತು. 'ಒಳಗೇನೂ ಬೇಡ, ಹೊರಗೊಂದು ಕೋಟು ಎಳೆದುಬಿಡು, ಸದ್ಯಕ್ಕೆ ನಿಂತ್ರೆ ಸಾಕು' ಅಂದ ಅಂದ್ರೆ ತಿಳ್ಕೋ, ಅವನ ಮನಸ್ಸು ಆಗ್ಲೇ ಪೆಟ್ಟಿಗೆ ಕಟ್ತಾ ಇದೆ."

ಅವರ ಲೆಕ್ಕ ತಪ್ಪಿದ್ದು ನಾನು ಕಾಣೆ. ಐದನೇ ಮನೆಯವರು ಹೋಗುತ್ತಾರೆ ಎಂದು ಇವರು ಹೇಳಿದ ನಾಲ್ಕು ತಿಂಗಳಿಗೆ ಐದನೇ ಮನೆಯ ಮುಂದೆ ಲಾರಿ ನಿಂತಿರುತ್ತಿತ್ತು.

ನಮಗೊಬ್ಬಳೇ ಮಗಳು, ಪುಟ್ಟಿ. ಗೋಡೆಯ ಬಿರುಕಿಗೆ ತುಂಬುವುದಕ್ಕೂ ಪುಟ್ಟಿ ಎಂದೇ ಹೆಸರು. "ಪುಟ್ಟಿ ಎಲ್ಲೇ?" ಎಂದು ಇವರು ಕೂಗಿದರೆ ಮಗಳು ಓಡಿಬರುತ್ತಿದ್ದಳು, "ನೀನಲ್ಲಮ್ಮಾ, ಡಬ್ಬದ ಪುಟ್ಟಿ" ಎಂದರೆ ಮುಖ ಊದಿಸಿಕೊಳ್ಳುತ್ತಿದ್ದಳು. ನಗುವುದಕ್ಕೆ ನಮಗೆ ಅಷ್ಟು ಸಾಕಾಗಿತ್ತು.

ಪುಟ್ಟಿ ನಾಲ್ಕನೇ ತರಗತಿ ಮುಗಿಸುವ ಹೊತ್ತಿಗೆ ಶಾಲೆಗೊಂದು ಪತ್ರ ಬಂತು. ಬರುವ ವರ್ಷ ಅರವತ್ತು ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚಿ ಆಚೆಯದಕ್ಕೆ ಸೇರಿಸಲಾಗುವುದು ಎಂದು. ಆಗ ನಮ್ಮಲ್ಲಿದ್ದದ್ದು ಐವತ್ತೆರಡು. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದೆವು. ಆಕೃತಿಯಲ್ಲಿ ನಮ್ಮೆಲ್ಲರಿಗಿಂತ ಗಿಡ್ಡ. ಮದುವೆಯಾಗದೆ, ಶಾಲೆಯ ಹಿಂದಿನ ಬೀದಿಯಲ್ಲೇ ಮನೆ ಮಾಡಿಕೊಂಡಿದ್ದವರು. ಪತ್ರವನ್ನು ನಮಗೆ ಎರಡು ಸಲ ಓದಿ ಹೇಳಿ, ಮಡಿಚಿ, "ನಡೀರಿ, ಮನೆಮನೆಗೆ ಹೋಗೋಣ" ಎಂದರು.

ಹೋದೆವು. ಏಳು ಭಾನುವಾರ. ಇವರೂ ಕೆಲಸ ಬಿಟ್ಟು ನಮ್ಮ ಜೊತೆ ಬಂದರು. ನಿಜ ಹೇಳಬೇಕೆಂದರೆ ನಮಗಿಂತ ಅವರ ಮಾತೇ ಹೆಚ್ಚು ನಡೆಯಿತು. ಹೋದ ಮನೆಯಲ್ಲೆಲ್ಲ ಗೋಡೆ ಸವರಿ, "ಏನಿದು, ಇಲ್ಲಿ ತೇವ ಎಳೀತಾ ಇದೆಯಲ್ಲಾ" ಎಂದು ಶುರು ಮಾಡಿ, ಟೀ ಕುಡಿದು ಏಳುವಷ್ಟರಲ್ಲಿ ಒಂದು ಹೆಸರು ಬರೆಸಿಕೊಂಡಿರುತ್ತಿದ್ದರು. ಅಲ್ಲಿಲ್ಲಿ ಉಳಿದ ಡಬ್ಬಗಳನ್ನೆಲ್ಲ ತಂದು ಶಾಲೆಗೆ ಬಣ್ಣವನ್ನೂ ಹೊಡೆದರು. ಒಂದು ಕೋಣೆ ತಿಳಿಹಳದಿ, ಒಂದು ಗುಲಾಬಿ, ಕಚೇರಿಕೋಣೆ ಅರ್ಧ ನೀಲಿ ಅರ್ಧ ಬೂದು. ದೊಡ್ಡ ಟೀಚರ್ ಆ ಕೋಣೆಯ ನಡುವೆ ನಿಂತು, "ನನ್ನ ಮನಸ್ಸಿನ ಹಾಗೇ ಇದೆ" ಎಂದು ನಕ್ಕಿದ್ದರು.

ಟೈಲರ್ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಅವಳಿ ಗಂಡುಮಕ್ಕಳು ಅವನಿಗೆ; ಆಚೆಯ ಶಾಲೆಗೆ ಅರ್ಜಿ ಹಾಕಿ, ಸೀಟೂ ಸಿಕ್ಕಿತ್ತು. ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆಯದೆಯೇ, "ನಮ್ಮ ಹುಡುಗರ ಭವಿಷ್ಯ ನೋಡ್ಬೇಕಲ್ವಾ ಅಣ್ಣಾ" ಎಂದ.

ಇವರು ನನ್ನತ್ತ ಕೈತೋರಿಸಿದರು. "ನಮ್ಮ ಪುಟ್ಟಿ ಓದೋದು ಎಲ್ಲಿ? ಇಲ್ಲೇ. ಪಾಠ ಹೇಳೋದು ಯಾರು? ಇವಳೇ. ಇದಕ್ಕಿಂತ ಗ್ಯಾರಂಟಿ ಇನ್ನೇನು ಬೇಕಪ್ಪಾ ನಿನಗೆ?"

ಟೈಲರ್ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಯಂತ್ರ ನಿಲ್ಲಿಸಿ, ಡ್ರಾಯರಿನಿಂದ ಆಚೆಯ ಶಾಲೆಯ ಕಾಗದ ತೆಗೆದು ನಮ್ಮೆದುರಿಗೇ ಹರಿದ. "ನಿಮ್ಮ ಮಾತಿನ ಮೇಲೆ," ಎಂದ.

ಏಳನೇ ಭಾನುವಾರದ ಸಂಜೆಗೆ ಅರವತ್ತೇಳು ಹೆಸರಾಗಿದ್ದವು. ದೊಡ್ಡ ಟೀಚರ್ ಪಟ್ಟಿಯನ್ನು ಬೆರಳಿಟ್ಟು ಎಣಿಸಿ, ಮತ್ತೆ ಕೆಳಗಿಂದ ಮೇಲಕ್ಕೆ ಎಣಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನೋ ಕಣ್ಣನ್ನೋ ನಾನು ನೋಡಲು ಹೋಗಲಿಲ್ಲ.

ಶಾಲೆ ತೆರೆಯಲು ಹತ್ತು ದಿನವಿರುವಾಗ ನನ್ನ ನಾದಿನಿ ಬಂದಳು. ಆಚೆಯಲ್ಲಿ ಔಷಧಿ ಅಂಗಡಿಯವರ ಮನೆ ಸೇರಿದವಳು. ಬಂದರೆ ಮೊದಲು ನಮ್ಮ ಸಿಂಕಿನ ಕೆಳಗೆ ಬಗ್ಗಿ ನೋಡಿ ಮೂಗು ಮುರಿಯುವವಳು. ಆವತ್ತು ಸಿಂಕನ್ನು ನೋಡಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

"ಪುಟ್ಟಿಗೆ ಐದನೇ ಕ್ಲಾಸಿಗೆ ಸೀಟು ಸಿಕ್ಕಿದೆ ಅತ್ತಿಗೆ. ನಮ್ಮ ಮನೆ ವಿಳಾಸ ಕೊಟ್ಟು ಹಾಕಿಸಿದ್ದೆ. ಒಂದೇ ಸೀಟಿತ್ತು. ಸೋಮವಾರದೊಳಗೆ ಟಿ.ಸಿ. ತಂದುಕೊಡಬೇಕಂತೆ."

ನಾನು ಇವರ ಮುಖ ನೋಡಿದೆ. ಇವರು ಕಿಟಕಿಯ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದರು.

"ನಿಮಗೆ ಗೊತ್ತಿತ್ತಾ?" ಎಂದೆ.

"ಸಿಗುತ್ತೆ ಅಂತ ಯಾರಿಗ್ಗೊತ್ತಿತ್ತು," ಎಂದರು.

ನಾದಿನಿ ಹೋದಮೇಲೆ ಜಗಳವಾಡಿದೆ. ಆಡಿದೆ ಎಂದು ಹೇಳಿಕೊಳ್ಳುವುದಕ್ಕೆ ಸಾಕಾಗುವಷ್ಟು ಆಡಿದೆ. ಟೈಲರ್‌ಗೆ ಏನು ಹೇಳ್ತೀರಿ ಎಂದೆ. ಇವರು, "ಒಂದು ಮಗು ಕಣೇ. ಅರವತ್ತೇಳರಲ್ಲಿ ಒಂದು ಹೋದ್ರೆ ಅರವತ್ತಾರು. ಅರವತ್ತು ದಾಟಿರುತ್ತಲ್ಲ. ಯಾರಿಗೇನು ನಷ್ಟ?" ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಕಟ್ಟೆಯ ಮೇಲಿದ್ದ ಆ ಕಾಗದವನ್ನು ಮಡಿಚಿ ಎತ್ತಿಟ್ಟೆ.

ಯಾಕೆಂದರೆ ನಮ್ಮ ಶಾಲೆಯಲ್ಲಿ ಏನಿಲ್ಲ ಎಂಬುದು ಆ ಬಡಾವಣೆಯಲ್ಲಿ ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಒಂದಕ್ಕೆ ಮಗ್ಗಿ ಬರೆಯಲು ಹೇಳಿ, ಇನ್ನೊಂದಕ್ಕೆ ಚಿತ್ರ ಬಿಡಿಸಲು ಹೇಳಿ, ಮೂರನೆಯದಕ್ಕೆ ಪಾಠ ಮಾಡುತ್ತಿದ್ದವಳು ನಾನು. ಗಣಿತದಲ್ಲಿ ಚುರುಕಾಗಿದ್ದ ಪುಟ್ಟಿ ಬೇಗ ಮುಗಿಸಿ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದಳು. ಬೇರೆಯವರ ಮಕ್ಕಳು ಹಾಗೆ ಕೂತರೆ ನನಗೆ ಅನುಕೂಲ. ನನ್ನ ಮಗಳು ಕೂತರೆ ಪಾಠದ ಸಾಲು ತಪ್ಪುತ್ತಿತ್ತು.

ನಮ್ಮಲ್ಲಿ ಗುಮಾಸ್ತರಿರಲಿಲ್ಲ. ಅಕ್ಷರ ದುಂಡಗಿದೆಯೆಂದು ಟಿ.ಸಿ.ಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಶನಿವಾರ ಎಲ್ಲರೂ ಹೋಗುವವರೆಗೆ ಕಾದು ಪುಸ್ತಕ ತೆಗೆದೆ. ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. 'ಶಾಲೆ ಬಿಡಲು ಕಾರಣ' ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಬೇರೆಯವರಿಗೆ 'ಸ್ಥಳ ಬದಲಾವಣೆ' ಎಂದು ಕಣ್ಣುಮುಚ್ಚಿ ಬರೆಯುತ್ತಿದ್ದೆ. ಇದಕ್ಕೂ ಅದನ್ನೇ ಬರೆದೆ.

ದೊಡ್ಡ ಟೀಚರ್ ಮನೆಯಲ್ಲಿ ಹಿತ್ತಲ ಕಟ್ಟೆಯ ಮೇಲೆ ಕೂತು ಹಳೆಯ ಪಠ್ಯಪುಸ್ತಕಗಳಿಗೆ ರಟ್ಟು ಅಂಟಿಸುತ್ತಿದ್ದರು. ಹೊಸದಾಗಿ ಸೇರುವ ಹದಿನೈದು ಮಕ್ಕಳಿಗೆ. ಕಾಗದ ಕೊಟ್ಟೆ. ಗೋಂದಾದ ಬೆರಳನ್ನು ಸೆರಗಿನ ಅಂಚಿಗೆ ಒರೆಸಿಕೊಂಡು ಪೂರ್ತಿ ಓದಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೂ ಎರಡು ಮಾತು ಇದ್ದವು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ.

ಸಹಿ ಹಾಕಿ ಕೊಟ್ಟರು. "ಅಕ್ಷರ ಚೆನ್ನಾಗಿದೆ," ಎಂದರು.

ಹಸಿರು ಸಮವಸ್ತ್ರವನ್ನು ಆಚೆಯ ಅಂಗಡಿಯಿಂದ ತಂದೆವು. ಲಂಗ ಒಂದು ಗೇಣು ಹೆಚ್ಚು ಉದ್ದವಿತ್ತು. ಟೈಲರ್ ಹತ್ತಿರ ಒಯ್ಯುವ ಹಾಗಿರಲಿಲ್ಲ. ನಾನೇ ಸೂಜಿದಾರ ಹಿಡಿದು ಮಡಿಚಿ ಹೊಲಿದೆ. ಮೇಲುಸೇತುವೆ ದಾಟುವಾಗ ಯಾರ ಕಣ್ಣಿಗೂ ಬೀಳಬಾರದೆಂದು ಇವರು ಮಗಳಿಗೆ ಮಳೆಕೋಟು ತೊಡಿಸಿ ಕರೆದೊಯ್ಯತೊಡಗಿದರು. ಆ ವರ್ಷ ಮಳೆಯ ಸುಳಿವೇ ಇರಲಿಲ್ಲ. ಸುಡುಬಿಸಿಲಿನಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿದ ಮಳೆಕೋಟಿನ ಹುಡುಗಿ, ಪಕ್ಕದಲ್ಲಿ ಅತ್ತಿತ್ತ ನೋಡುತ್ತಾ ಹೆಜ್ಜೆಹಾಕುವ ಅಪ್ಪ. ಈಗ ನೆನೆದರೆ ನಗು ಬರಬೇಕು.

ನಾಲ್ಕು ದಿನ ನಡೆಯಿತು. ಐದನೆಯ ದಿನ ಸೇತುವೆಯ ನಡುಮಧ್ಯೆ, ಪುಟ್ಟಿ ಸೆಕೆ ತಾಳದೆ ಕೋಟು ಕಿತ್ತೊಗೆದು, "ನನಗೆ ಬೇಡ ಇದು, ಕಳ್ಳಿ ಥರ ಕಾಣ್ತೀನಿ" ಎಂದು ಹಟ ಹಿಡಿದು ನಿಂತಳಂತೆ. ಬೆಳಗಿನ ರೈಲಿಗೆ ಬಂದ ಅರ್ಧ ಬಡಾವಣೆ ಅಲ್ಲಿತ್ತು.

ಮಾರನೆಯ ಬೆಳಿಗ್ಗೆ ಮೊದಲ ಗಂಟೆಗೇ ಟೈಲರ್ ಶಾಲೆಗೆ ಬಂದ. ಕೂಗಾಡಲಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತ.

"ನಿನ್ನೆ ಮಗಳನ್ನ ನೋಡಿದೆ ಟೀಚರ್. ಅಂಚು ಸರಿಯಾಗಿ ಹೊಲಿದಿಲ್ಲ. ಒಂದು ಕಡೆ ಎಳೆದಂಗಿದೆ. ನನ್ನ ಹತ್ರ ತಂದಿದ್ರೆ ಹೊಲಿದುಕೊಡ್ತಿದ್ದೆನಲ್ಲ."

ನಾನು ಹಾಜರಿ ಪುಸ್ತಕ ಮುಚ್ಚಿದೆ.

"ಎರಡು ಟಿ.ಸಿ. ಬರೀರಿ," ಎಂದ. "ಅಲ್ಲಿ ಈ ವರ್ಷ ಸೀಟಿಲ್ಲ. ಟೌನಿನಾಚೆ ಯಾವುದಾದ್ರೂ ಸಿಗುತ್ತಾ ನೋಡ್ತೀನಿ. ಸಿಕ್ಕಿದ ಸೀಟು ಹರಿದುಹಾಕಿದವನು ನಾನು."

ಆ ವಾರ ಹನ್ನೊಂದು ಬರೆದೆ. ಮುಂದಿನ ವಾರ ಒಂಬತ್ತು. ಕೆಲವರು ನನ್ನ ಮುಖ ನೋಡುತ್ತಿರಲಿಲ್ಲ. ಕೆಲವರು ಬೇಕೆಂದೇ ನೋಡುತ್ತಿದ್ದರು. ಲೈನ್‌ಮನ್‌ನ ಹೆಂಡತಿ, "ನೀವು ತಪ್ಪು ಮಾಡಿದ್ರಿ ಅಂತಲ್ಲ ಟೀಚರ್, ನಿಮಗೆ ಗೊತ್ತಿರೋದು ನಮಗೂ ಗೊತ್ತಾಯ್ತು, ಅಷ್ಟೇ" ಎಂದಳು. ತಿಂಗಳು ಕಳೆಯುವಷ್ಟರಲ್ಲಿ ಅರವತ್ತೇಳು ಮೂವತ್ತೊಂಬತ್ತಾಗಿತ್ತು. ಒಂದು ಮಗು ಹೋದರೆ ಅರವತ್ತಾರು ಎಂಬ ಲೆಕ್ಕ ಇವರ ಬಾಯಲ್ಲಿ ಮತ್ತೆಂದೂ ಬರಲಿಲ್ಲ.

ವರ್ಷದ ಕೊನೆಗೆ ಬೀಗ ಬಿತ್ತು. ಬೆಂಚುಗಳನ್ನು ಆಚೆಯ ಶಾಲೆಗೆ ಸಾಗಿಸಲು ಲಾರಿ ಬಂದಿತ್ತು. ದೊಡ್ಡ ಟೀಚರಿಗೆ ದೂರದ ಊರೊಂದಕ್ಕೆ ವರ್ಗವಾಗಿತ್ತು. ಅವರು ಪಟ್ಟಿ ಹಿಡಿದು ನಿಂತಿದ್ದರು, ನಾನು ಬೆಂಚು ಎಣಿಸುತ್ತಿದ್ದೆ. ಖಾಲಿಯಾದ ಗುಲಾಬಿ ಕೋಣೆಯಲ್ಲಿ ಧೈರ್ಯ ಮಾಡಿ, "ನನ್ನಿಂದಲೇ ಆಯ್ತು ಮೇಡಂ" ಎಂದೆ. ಅಲ್ಲ ಎನ್ನಲಿ ಎಂಬ ಆಸೆ ಇತ್ತು, ಮುಚ್ಚಿಡುವುದೇಕೆ.

"ನಿನ್ನೊಬ್ಬಳಿಂದ ಶಾಲೆ ಮುಚ್ಚಿತು ಅಂದ್ಕೊಂಡಿದ್ದೀಯಾ? ಅಷ್ಟು ದೊಡ್ಡವಳಲ್ಲ ನೀನು," ಎಂದರು. "ಹೋಗೋದಕ್ಕೆ ಎಲ್ಲರೂ ತುದಿಗಾಲಲ್ಲಿ ನಿಂತಿದ್ರು. ನಾಚಿಕೆ ಅಡ್ಡ ಇತ್ತು. ನೀನು ಆ ನಾಚಿಕೆ ತೆಗೆದೆ."

ಪಟ್ಟಿಯಲ್ಲಿ ಒಂದು ಗುರುತು ಹಾಕಿ, "ಮೂವತ್ತೊಂದು. ಸರಿಯಾ?" ಎಂದರು.

"ಸರಿ," ಎಂದೆ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬರುವ ತಾಯಂದಿರು ಬ್ರೆಡ್ಡಿಗೆ ನಿಲ್ಲುವುದು ತಪ್ಪಿತು, ಬೇಕರಿಯವನು ಒಲೆ ಆರಿಸಿದ. ಶಾಲೆಯ ಹೊತ್ತಿನ ಬಸ್ಸಿಗೆ ಜನವಿಲ್ಲವೆಂದು ಮೊದಲು ಅದು, ಆಮೇಲೆ ಉಳಿದವೂ ನಿಂತವು. ಚಿಕ್ಕ ಮಕ್ಕಳಿರುವ ಯಾರೂ ಈ ಕಡೆ ಮನೆ ಹುಡುಕಿಕೊಂಡು ಬರಲಿಲ್ಲ. ಬಂದವರು ಒಂಟಿ ಗಂಡಸರು, ಆರಾರು ತಿಂಗಳಿಗೆ ಬಂದುಹೋಗುವವರು. ಅವರದ್ದೇನೂ ತಪ್ಪಿಲ್ಲ, ಆರು ತಿಂಗಳಿಗೆ ಬಂದವನು ಗೇಟಿಗೆ ಎಣ್ಣೆ ಹಾಕುತ್ತಾನೆಯೇ? ಟಿಕೆಟ್ ಕಿಟಕಿಗೆ ಹಲಗೆ ಬಡಿದರು. ಟೈಲರ್ ಅಂಗಡಿಯನ್ನು ಆಚೆಗೆ ಸಾಗಿಸಿದ. ಅವನ ಮನೆಯಲ್ಲಿ ಈಗ ಯಾರೋ ಹಳೆಯ ಟಯರುಗಳನ್ನು ಪೇರಿಸಿದ್ದಾರೆ.

ಆಚೆಯಲ್ಲಿ ಇದೆಲ್ಲ ತಿರುಗುಮುರುಗಾಗಿ ನಡೆಯಿತು. ಬೇಕರಿ ಎರಡಾದವು. ಮನೆಗಳಿಗೆ ಮೂರು ವರ್ಷಕ್ಕೊಮ್ಮೆ ಬಣ್ಣ. ಇವರಿಗೆ ಕೈತುಂಬಾ ಕೆಲಸ, ಎಲ್ಲವೂ ಆಚೆಯದೇ. ನಮ್ಮ ಮನೆಯ ಗೋಡೆಗೆ ಮಾತ್ರ ಒಂಬತ್ತು ವರ್ಷ ಬ್ರಷ್ ತಾಗಿಸಲಿಲ್ಲ. ನಾನು ಕೇಳಲೂ ಇಲ್ಲ.

ನನ್ನನ್ನು ಆಚೆಯ ಶಾಲೆಗೆ ಸೇರಿಸಿಕೊಂಡರು. ನಿವೃತ್ತಿಯವರೆಗೆ ಅಲ್ಲೇ ಇದ್ದೆ. ಎರಡು ವರ್ಷಕ್ಕೆ ಟೈಲರನ ಅವಳಿಗಳೂ ಅಲ್ಲಿಗೇ ಬಂದು ನನ್ನ ತರಗತಿಯಲ್ಲೇ ಕೂತರು. ಸಭ್ಯ ಹುಡುಗರು. ಏನು ಕೇಳಿದರೂ "ಹೌದು ಮಿಸ್, ಇಲ್ಲ ಮಿಸ್." ಅದರಾಚೆಗೆ ಒಂದಕ್ಷರ ಇಲ್ಲ.

ಪುಟ್ಟಿ ಚೆನ್ನಾಗಿಯೇ ಓದಿದಳು. ಅದೇ ಕಷ್ಟ. ಅವಳು ಹಾಳಾಗಿದ್ದರೆ ಮಾಡಿದ್ದಕ್ಕೆ ತಕ್ಕದ್ದಾಯಿತು ಎಂದು ಅತ್ತು ಹಗುರಾಗಬಹುದಿತ್ತು. ಅವಳು ಗಣಿತದಲ್ಲಿ ಮೊದಲ ಸ್ಥಾನ ಬಂದಳು, ಮುಂದೆ ಓದಿದಳು, ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಮುಖ್ಯಸ್ಥೆಯಾದಳು, ಒಳ್ಳೆಯವನನ್ನು ಮದುವೆಯಾದಳು. ಎಲ್ಲಕ್ಕೂ ಆ ಒಂದು ಸೀಟೇ ಕಾರಣವೆಂದು ನಾದಿನಿ ಈಗಲೂ ವರ್ಷಕ್ಕೊಮ್ಮೆ ನೆನಪಿಸುತ್ತಾಳೆ. ಹಳೆಯ ಶಾಲೆ ನೆನಪಿದೆಯಾ ಎಂದು ಮಗಳನ್ನು ಒಮ್ಮೆ ಕೇಳಿದ್ದೆ. "ಅಲ್ಲಿ ಕಿಟಕಿ ದೊಡ್ಡದಿತ್ತಲ್ವಾ?" ಎಂದಳು. ಅಷ್ಟೇ.

ಹೋದ ತಿಂಗಳು ಅವಳು ಮನೆ ಕೊಳ್ಳುವವಳಿದ್ದಳು. ಅವಳ ಮಗುವಿಗೆ ನಾಲ್ಕು ತುಂಬುತ್ತದೆ. "ಅಪ್ಪಾ, ನೀವು ಬಂದು ಗೋಡೆ ನೋಡ್ಬೇಕು," ಎಂದು ಕರೆದಳು. ಇಬ್ಬರೂ ರೈಲಿನಲ್ಲಿ ಹೋದೆವು. ನಗರದ ಇನ್ನೊಂದು ಅಂಚಿನ ಬಡಾವಣೆ ಅದು. ನೆರಳಿನ ಬೀದಿ, ಎಣ್ಣೆ ಕಂಡ ಗೇಟುಗಳು, ಮಕ್ಕಳ ಸೈಕಲ್ಲುಗಳು ಬೀಗವಿಲ್ಲದೆ ಹೊರಗೇ ಬಿದ್ದಿದ್ದವು. ಇವರು ಕನ್ನಡಕ ಏರಿಸಿಕೊಂಡು ಕೋಣೆ ಕೋಣೆಗೂ ಹೋಗಿ ಗೋಡೆ ತಟ್ಟಿದರು, ಮೂಲೆಗಳನ್ನು ಮೂಸಿದರು, ಸ್ಟೂಲು ಹತ್ತಿ ಕಿಟಕಿಯ ಮೇಲಂಚು ಸವರಿದರು.

"ಇದಕ್ಕಿಂತ ದೊಡ್ಡ ಮನೆ ಇನ್ನೆರಡು ಕಡೆ ಸಿಕ್ಕಿತ್ತಂತಲ್ಲ. ಇದೇ ಯಾಕೆ?" ಎಂದು ಕೇಳಿದೆ.

"ಮೂರೂ ಕಡೆ ಸ್ಕೂಲಿಗೆ ಹೋಗಿ ವಿಚಾರಿಸಿದೆ ಅಮ್ಮಾ," ಎಂದಳು ಮಗಳು. "ಫಲಿತಾಂಶ, ಆಟದ ಬಯಲು ಅಂತೆಲ್ಲ ಕೇಳಲಿಲ್ಲ, ಅದನ್ನ ಯಾರು ಬೇಕಾದ್ರೂ ಚೆನ್ನಾಗಿ ಹೇಳ್ತಾರೆ. ಅಲ್ಲಿನ ಟೀಚರ್‌ಗಳು ತಮ್ಮ ಸ್ವಂತ ಮಕ್ಕಳನ್ನ ಎಲ್ಲಿಗೆ ಕಳಿಸ್ತಾರೆ, ಅದೊಂದೇ ಕೇಳಿದೆ. ಎರಡು ಕಡೆ ತಡವರಿಸಿದ್ರು. ಇಲ್ಲಿ ಎಲ್ಲರ ಮಕ್ಕಳೂ ಇಲ್ಲೇ ಇದ್ದಾರೆ."

ಅವಳ ಮುಖವನ್ನೇ ನೋಡಿದೆ. ಚುಚ್ಚುವುದಕ್ಕೆ ಹೇಳಿದ್ದಲ್ಲ. ಅವಳಿಗೆ ಏನೂ ಹೊಳೆದೇ ಇರಲಿಲ್ಲ.

"ಯಾರು ಹೇಳಿಕೊಟ್ರು ನಿನಗೆ ಹಾಗೆ ಕೇಳೋಕೆ?"

"ಇದಕ್ಕೆ ಯಾರಾದ್ರೂ ಹೇಳಿಕೊಡಬೇಕಾ?" ಎಂದು ನಕ್ಕು, ನೀರಿನ ನಲ್ಲಿ ತಿರುಗಿಸಿ ನೋಡಲು ಬಚ್ಚಲಿಗೆ ಹೋದಳು.

ಇವರು ಸ್ಟೂಲಿನ ಮೇಲೆ ಗೋಡೆಗೆ ಮುಖಮಾಡಿ ನಿಂತಿದ್ದರು. ಸವರುತ್ತಿದ್ದ ಕೈ ನಿಂತಿತ್ತು. ಮಗಳು ಬಂದು "ಹೇಗಿದೆ ಅಪ್ಪಾ?" ಎಂದಾಗ, "ತೇವ ಇಲ್ಲ. ತಗೋ," ಎಂದರು.

ನಮ್ಮನ್ನೂ ಅಲ್ಲಿಗೇ ಬಂದಿರಲು ಕರೆದಳು. ಹಿಂದುಗಡೆ ಒಂದು ಕೋಣೆ ಇದೆ, ನಿಮ್ಮ ಕಡೆ ಈಗ ಯಾರಿದ್ದಾರೆ ಅಂತ ಅಲ್ಲಿರ್ತೀರಿ ಎಂದಳು. ನೋಡೋಣ ಎಂದೆವು.

ವಾಪಸು ಬರುವಾಗ ಸಂಜೆಯಾಗಿತ್ತು. ಈಗ ರೈಲಿನಿಂದ ಆಚೆಯ ಬದಿಗೇ ಇಳಿಯಬೇಕು. ಇಳಿದು, ಮೇಲುಸೇತುವೆ ಹತ್ತಿದೆವು. ಇವರಿಗೆ ಮಂಡಿನೋವು, ನಡುವೆ ಒಮ್ಮೆ ನಿಂತು ಕಂಬಿ ಹಿಡಿದುಕೊಂಡರು.

"ಒಳ್ಳೆ ಮನೆ," ಎಂದರು. "ಹದಿನೈದು ವರ್ಷಕ್ಕೆ ಏನೂ ಯೋಚನೆ ಇಲ್ಲ."

"ಆಮೇಲೆ?"

"ಆಮೇಲೆ ಅಲ್ಲಿನ ಯಾವ ಟೀಚರಿಗೋ ಒಂದೇ ಒಂದು ಸೀಟು ಸಿಗುತ್ತೆ," ಎಂದರು.

ಇಪ್ಪತ್ತಾರು ವರ್ಷಗಳಲ್ಲಿ ಆ ಮಾತನ್ನು ಅವರು ಎತ್ತಿದ್ದು ಅದೇ ಮೊದಲು. ಮಾತಾಡಲು ಒಂದು ದಾರಿ ಬಿಟ್ಟುಕೊಟ್ಟಿದ್ದರೋ ಏನೋ. ನಾನು ಏನಾದರೂ ಹೇಳಬಹುದಿತ್ತು. ಆದರೆ ಆ ಸೀಟು ಇನ್ನೊಮ್ಮೆ ಬಂದರೆ ಆ ಟಿ.ಸಿ.ಯನ್ನು ಇನ್ನೊಮ್ಮೆ, ಅದೇ ದುಂಡಗಿನ ಅಕ್ಷರದಲ್ಲಿ ಬರೆಯುತ್ತೇನೆ ಎಂಬುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅಂಥ ಇಬ್ಬರು ಏನು ಮಾತಾಡುವುದು?

"ನಡೀರಿ, ಕತ್ತಲಾಗುತ್ತೆ," ಎಂದೆ. ಈಚೆಯ ಮೆಟ್ಟಿಲುಗಳಲ್ಲಿ ಎರಡು ಕಿತ್ತುಹೋಗಿವೆ. ಎಲ್ಲಿ ಎಂದು ಗೊತ್ತಿರುವವರು ನಾವು. ಒಬ್ಬರ ಹಿಂದೊಬ್ಬರು ದಾಟಿಕೊಂಡು ಇಳಿದೆವು.